ಎರವಲು ಕಫ

ನಮ್ಮತ್ತೆ ಎಪ್ಪತ್ತೆರಡು ವರ್ಷದವರೆಗೂ ಯಾರ ಎದುರಿಗೂ ಉಗುಳಿದವರಲ್ಲ. ಎಲೆ ಅಡಿಕೆ ಹಾಕಿಕೊಂಡರೆ ಹಿತ್ತಲ ಗೋಡೆಯಾಚೆ ಹೋಗಿ, ಸೆರಗು ಅಡ್ಡ ಹಿಡಿದು ಉಗುಳಿ, ಮೇಲೆ ಮಣ್ಣು ತಳ್ಳಿ ಬರುತ್ತಿದ್ದರು. ಕೆಮ್ಮು ಬಂದು ಕಫ ಗಂಟಲಿಗೆ ಏರಿದರೆ ನುಂಗುವುದೇ. ಮದುವೆಯಾಗಿ ಬಂದ ಹೊಸದರಲ್ಲಿ ಅವರತ್ತೆ ಹಾಗೆ ಕಲಿಸಿದ್ದರಂತೆ. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಅವರನ್ನು ನ್ಯುಮೋನಿಯಾ ಎಂದು ಹೊಸೂರಿನ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿಗೆ ಸೇರಿಸುವ ತನಕ.

ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದ ಕೆಳಭಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಮೂಗಿಗೆ ಆಕ್ಸಿಜನ್ ನಳಿಗೆ, ಕೈಗೆ ಡ್ರಿಪ್ಸ್. ಮೂರು ದಿನ ಇಂಜೆಕ್ಷನ್ ಹೋದರೂ ಜ್ವರ ನೂರೆರಡರಿಂದ ಇಳಿಯಲಿಲ್ಲ. ನಾಲ್ಕನೆಯ ದಿನ ಡಾಕ್ಟರಮ್ಮ ಅತ್ತೆಯ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ನನ್ನನ್ನು ಬಾಗಿಲ ಬಳಿ ಕರೆದರು.

"ಒಳಗಿರೋ ಕ್ರಿಮಿ ಯಾವುದು ಅಂತ ತಿಳೀದೆ ಗಾಳಿಗೆ ಗುದ್ದುತಾ ಇದ್ದೀನಮ್ಮ. ಅವರ ಕಫ ಬೇಕು, ಎದೆಯ ಆಳದಿಂದ ಕೆಮ್ಮಿ ತೆಗೆದದ್ದು. ಅದನ್ನ ಲ್ಯಾಬಲ್ಲಿ ಬೆಳೆಸಿ ನೋಡಿದ್ರೆ ಯಾವ ಔಷಧಿಗೆ ಬಗ್ಗುತ್ತೆ ಅಂತ ಗೊತ್ತಾಗುತ್ತೆ. ಹೀಗೇ ಬಿಟ್ರೆ ಉಸಿರಿನ ಮೆಷಿನ್ನಿಗೆ ಹಾಕಬೇಕಾಗುತ್ತೆ. ಈ ವಯಸ್ಸಿಗೆ ಅದು ಕಷ್ಟ."

ನರ್ಸಮ್ಮ ಕೆಂಪು ಮುಚ್ಚಳದ ಡಬ್ಬಿ ಕೊಟ್ಟಳು. ಅತ್ತೆ ಅದರೊಳಗೆ ಒಂದು ಚಮಚದಷ್ಟು ಎಂಜಲು ಬಿಟ್ಟು ಮುಚ್ಚಿದರು. ಲ್ಯಾಬಿನವರು ವಾಪಸ್ ಕಳಿಸಿದರು. ಇನ್ನೊಂದು ಡಬ್ಬಿ ಬಂತು. ಅದೂ ವಾಪಸ್.

"ಪಾಟಿ, ಎಚ್ಚಿಲ್ ವೇಂಡಾಂ, ಸಳಿ ವೇಣುಂ, ಸಳಿ!" ಎಂದು ನರ್ಸಮ್ಮ ತಮಿಳಿನಲ್ಲಿ, ಎಂಜಲು ಬೇಡ ಕಫ ಬೇಕು ಎನ್ನುತ್ತ ತನ್ನ ಎದೆಯನ್ನೇ ಗುದ್ದಿಕೊಂಡು, ಅದು ಎಲ್ಲಿಂದ ಬರಬೇಕೆಂದು ತೋರಿಸಿದಳು.

"ಇಷ್ಟು ದೊಡ್ಡ ಆಸ್ಪತ್ರೆ ಕಟ್ಟವ್ರೆ, ಉಗಿಯಾಕೆ ಒಂದು ಗೋಡೆ ಮರೆ ಇಲ್ಲ," ಎಂದರು ಅತ್ತೆ.

ಹಾಸಿಗೆಯ ಸುತ್ತ ಪರದೆ ಎಳೆದೆ.

"ಕೆಳಗೆ ಕಾಲು ಕಾಣ್ತವೆ ಕಣಮ್ಮಿ. ಕಾಲು ಕಂಡ ಮೇಲೆ ಯಾರು ಉಗೀತವ್ರೆ ಅಂತ ಜನಕ್ಕೆ ಗೊತ್ತಾಗಕಿಲ್ವಾ?"

ಪಕ್ಕದ ಹಾಸಿಗೆಯಲ್ಲಿ ಆಲಸನತ್ತಂ ಊರಿನ ಹೆಂಗಸೊಬ್ಬರಿದ್ದರು. ಹಳೆಯ ಉಬ್ಬಸ, ಮಲಗುವ ಪಕ್ಕದಲ್ಲೇ ಉಗುಳಲು ಒಂದು ಟಿನ್ನು. ಅವರಿಗೂ ಅತ್ತೆಗೂ ಒಂದೇ ದಿನದಲ್ಲಿ ಅಕ್ಕತಂಗಿಯರ ಹಾಗೆ ಹೊಂದಿಕೆಯಾಗಿತ್ತು. ಇಡ್ಲಿ ಹಂಚಿಕೊಂಡರು, ಬೀಸಣಿಗೆ ಹಂಚಿಕೊಂಡರು, ಸೊಸೆಯರ ಮೇಲಿನ ದೂರು ಹಂಚಿಕೊಂಡರು.

ಐದನೆಯ ದಿನ ಬೆಳಿಗ್ಗೆ ನಾನು ಬಿಸಿನೀರು ತರಲು ಕೆಳಗೆ ಕ್ಯಾಂಟೀನಿಗೆ ಹೋಗಿ ಬರುವಷ್ಟರಲ್ಲಿ ಡಬ್ಬಿ ಕಾಲುಭಾಗ ತುಂಬಿತ್ತು. ಹಸಿರು ಹಳದಿ, ಗಟ್ಟಿ. ಇಬ್ಬರೂ ಹಪ್ಪಳ ಒತ್ತಿ ಮುಗಿಸಿದವರ ಹಾಗೆ ಕಾಲು ಚಾಚಿ ಕೂತಿದ್ದರು.

"ಅತ್ತೆ! ಕೊನೆಗೂ ಬಂತಾ?"

"ಬಂತು ಕಣಮ್ಮಿ," ಎಂದರು. ಪಕ್ಕದವರು ಫ್ಯಾನು ನೋಡುತ್ತಿದ್ದರು.

ನನಗಾದ ಖುಷಿ ಹೇಳತೀರದು. ಫ್ಯಾಕ್ಟರಿಯಲ್ಲಿದ್ದ ನಮ್ಮವರಿಗೆ ಫೋನು ಮಾಡಿದೆ. ಅವರು ಶಿಫ್ಟಿನವರಿಗೆಲ್ಲ ಹೇಳಿದರಂತೆ, ನನ್ನ ಫೋನಿಗೆ ಮೂರು ಕಡೆಯಿಂದ ಕೈಮುಗಿಯುವ ಚಿತ್ರ ಬಂತು. ನರ್ಸಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಸೂಪರ್ ಸ್ಯಾಂಪಲ್ ಅಕ್ಕಾ," ಎಂದಳು. ಪಕ್ಕದ ಹಾಸಿಗೆಯವರು ನಾಚಿ ನಕ್ಕರು. ಆಗ ನನಗೆ ಅನುಮಾನ ಬರಬೇಕಿತ್ತು.

ಎರಡು ದಿನ ಕಾದೆವು. ಜ್ವರ ಇದ್ದಲ್ಲೇ ಇತ್ತು, ಆಕ್ಸಿಜನ್ ಇನ್ನೊಂದಿಷ್ಟು ಜಾಸ್ತಿ ಮಾಡಿದರು. ಮೂರನೆಯ ಬೆಳಿಗ್ಗೆ ಡಾಕ್ಟರಮ್ಮ ಲ್ಯಾಬಿನ ಕಾಗದ ಹಿಡಿದು ಬಂದರು. ಮುಖ ಗಂಟಿಕ್ಕಿತ್ತು.

"ಅಜ್ಜಿ, ಮುಂಚೆ ಯಾವ್ಯಾವ ಆಸ್ಪತ್ರೇಲಿ ಸೇರಿದ್ರಿ? ಇದು ಆಸ್ಪತ್ರೆ ಆಸ್ಪತ್ರೆ ಸುತ್ತಿ, ತುಂಬ ಔಷಧಿ ತಿಂದವರ ಎದೇಲಿ ಸಿಗೋ ಕ್ರಿಮಿ."

"ನಾನಾ? ನಾಕು ಮಕ್ಳನ್ನ ಮನೇಲೇ ಹೆತ್ತೋಳು ನಾನು. ಆಸ್ಪತ್ರೆ ಮೆಟ್ಲು ಹತ್ತಿದ್ದೇ ಈಗ."

ಡಾಕ್ಟರಮ್ಮ ಕಾಗದದ ಮೇಲಿನ ಹೆಸರು ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಪಕ್ಕದ ಹಾಸಿಗೆಯವರಿಗೆ ತಡೆಯಲಾಗಲಿಲ್ಲ.

"ಅಕ್ಕ ಹೋಗಿಲ್ಲ ಡಾಕ್ಟ್ರಮ್ಮ, ನಾನ್ ಹೋಗಿವ್ನಿ. ಕೃಷ್ಣಗಿರೀಲಿ ಎರಡ್ ಸಲ, ಧರ್ಮಪುರೀಲಿ ಒಂದ್ ಸಲ..."

"ನಿಮ್ಮನ್ನ ಕೇಳಲಿಲ್ಲಮ್ಮ."

"ಕಫ ನಂದಲ್ವಾ! ನನ್ನೇ ತಾನೇ ಕೇಳ್ಬೇಕು?"

ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತರು.

"ಪಾಪ, ಅಕ್ಕಂಗೆ ಬರ್ತಿರಲಿಲ್ಲ," ಎಂದು ಆಕೆ ವಿವರಿಸಿದರು. "ನಂಗೆ ಬೇಕಾದಂಗಿತ್ತು. ಚೂರು ಕೊಡವ್ವ ಅಂದ್ರು, ಕೊಟ್ಟೆ. ಪಕ್ಕದ ಮನೆಯೋರು ಹೆಪ್ಪು ಕೇಳಿದ್ರೆ ಇಲ್ಲ ಅಂತೀವಾ?"

"ಇಬ್ಬರ್ದೂ ಎದೆ ಕಾಯಿಲೇನೇ ಅಲ್ವಾ?" ಎಂದರು ಅತ್ತೆ. "ಯಾರ್ದಾದ್ರೇನು? ಲ್ಯಾಬಿನೋರು ಮೆಚ್ಕೊಂಡ್ರಲ್ಲ."

ಡಾಕ್ಟರಮ್ಮ ನಗಬೇಕೋ ಬೈಯಬೇಕೋ ತಿಳಿಯದೆ ಮಾಸ್ಕು ಮೇಲಕ್ಕೆಳೆದುಕೊಂಡರು. ಪಕ್ಕದವರಿಗೆ ಆ ತನಕ ಬರೀ ಉಬ್ಬಸದ ಔಷಧಿ ನಡೆದಿತ್ತು. ಆಗಲೇ ಅವರಿಗೊಂದು ಹೊಸ ಎಕ್ಸ್‌ರೇ, ಅವರದೇ ಹೆಸರಿನಲ್ಲಿ ಇನ್ನೊಂದು ಡಬ್ಬಿ ಬರೆದುಕೊಟ್ಟರು. ಆಕೆಗೆ ಬಹುಮಾನ ಬಂದಷ್ಟು ಸಂತೋಷ. ಆಮೇಲೆ ಅತ್ತೆಯ ಕಡೆ ತಿರುಗಿ, "ಅಜ್ಜಿ, ಈ ಕಾಗದ ನಂಬಿ ಔಷಧಿ ಬದಲಾಯಿಸಿದ್ರೆ ನಿಮ್ಮ ಕಿಡ್ನಿಗೆ ಪೆಟ್ಟು, ಜ್ವರ ಮಾತ್ರ ಹಾಗೇ," ಎಂದರು. ಅತ್ತೆ ಗೋಡೆ ನೋಡುತ್ತ ಮಲಗಿದರು.

ಇಪ್ಪತ್ತಾರು ವರ್ಷದಲ್ಲಿ ನಾನು ಅವರೆದುರು ದನಿ ಎತ್ತಿದ್ದು ಅವತ್ತೇ. "ಮಾನ ಮಾನ ಅಂತ ಇಲ್ಲೇ ಪ್ರಾಣ ಬಿಡ್ತೀರಾ ಅತ್ತೆ? ನೀವು ಹೋಗ್ಬುಟ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಎಂದೆ.

ಅತ್ತೆ ಗೋಡೆಯಿಂದ ಮುಖ ಈಚೆ ತಿರುಗಿಸಿ ಹೇಳಿದರು: "ಹಂಗಾದ್ರೆ ಎಲ್ರೂ ಆ ಕಡೆ ತಿರುಗ್ಲಿ."

ಉಪ್ಪುನೀರಿನ ಹಬೆಯ ಮಾಸ್ಕು ಹಾಕಿ, ಹತ್ತು ನಿಮಿಷ ಉಸಿರಾಡಿಸಿದರು. ಆಮೇಲೆ ಆರು ಹಾಸಿಗೆಯ ಹೆಂಗಸರೂ ಗೋಡೆಗೆ ಮುಖ ಮಾಡಿದರು. ಪಕ್ಕದವರು ತಲೆಯ ಮೇಲೆ ಹೊದಿಕೆ ಎಳೆದುಕೊಂಡರು. ನೆಲ ಒರೆಸುತ್ತಿದ್ದ ಆಯಾ ಕೋಲು ಹಿಡಿದುಕೊಂಡೇ ತಿರುಗಿದಳು. ಡಾಕ್ಟರಮ್ಮನೂ ಕಿಟಕಿಯ ಕಡೆ ನಿಂತರು.

"ನೀನೂ ತಿರುಗಮ್ಮಿ."

ನನ್ನೆದುರಿಗೆ ಕೈ ತೊಳೆಯುವ ವಿಧಾನದ ಪಟ ಇತ್ತು. ಅದರ ಆರೂ ಚಿತ್ರಗಳನ್ನು ಮೂರು ಸಲ ನೋಡಿದೆ. ಬೆನ್ನ ಹಿಂದೆ ಮೊದಲು ಸಣ್ಣ ಕೆಮ್ಮು, ಆಮೇಲೆ ಮಂಚ ಅಲ್ಲಾಡುವಂಥ ಕೆಮ್ಮು.

"ಹಾಂ, ಹಾಂ, ಬರ್ತಾ ಐತೆ, ಬಿಡ್ಬೇಡಕ್ಕ!" ಎಂದು ಹೊದಿಕೆಯೊಳಗಿಂದ ಹುರಿದುಂಬಿಸುವ ದನಿ.

"ನೀ ಸುಮ್ಕಿರವ್ವ!" ಎಂದು ಅತ್ತೆ ಗದರಿದರು. ಇನ್ನೊಂದು ಕೆಮ್ಮು. ಮುಚ್ಚಳ ತಿರುಗಿಸಿದ ಸದ್ದು.

"ಆಯ್ತು."

ಡಬ್ಬಿಯಲ್ಲಿ ಇದ್ದದ್ದು ತೀರ ಸ್ವಲ್ಪ, ತುಕ್ಕಿನ ಬಣ್ಣದ್ದು. ಡಾಕ್ಟರಮ್ಮ ಅದನ್ನು ಕಂಡದ್ದೇ, "ಇದು ನ್ಯುಮೋನಿಯಾದ ಕಫ," ಎಂದು ತಾವೇ ಲ್ಯಾಬಿಗೆ ಹಿಡಿದುಕೊಂಡು ಹೋದರು. ಎರಡು ದಿನಕ್ಕೆ ಬಂದ ಕಾಗದದಲ್ಲಿ ಬೇರೆಯೇ ಕ್ರಿಮಿ ಇತ್ತು. ನಡೆಯುತ್ತಿದ್ದ ಇಂಜೆಕ್ಷನ್ನಿಗೆ ಅದು ಬಗ್ಗುವಂಥದ್ದಲ್ಲ, ಇನ್ನೊಂದಕ್ಕೆ ಬಗ್ಗುತ್ತದೆ ಎಂದಿತ್ತು. ಅವತ್ತೇ ಬದಲಾಯಿಸಿದರು.

ಮರುದಿನ ಮಧ್ಯಾಹ್ನ ಅತ್ತೆ ಬೆವರಿ ಸೀರೆಯೆಲ್ಲ ಒದ್ದೆಯಾಗಿತ್ತು. ಥರ್ಮಾಮೀಟರು ತೊಂಬತ್ತೊಂಬತ್ತು ಎಂದರೂ ನಂಬದೆ ಕೈಯ ಹಿಂಬದಿಯಿಂದ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಅವರು ಒಂದು ಕಣ್ಣು ತೆರೆದು, "ರಾಗಿ ಅಂಬಲಿ ತಂದಿದ್ಯಾ, ಇಲ್ಲ ಈ ಆಸ್ಪತ್ರೆ ಇಡ್ಲಿ ತಿನ್ಸೇ ಸಾಯ್ಸಾಕೆ ನೋಡ್ತಿದ್ಯಾ?" ಎಂದರು.

"ಜ್ವರ ಬಿಟ್ಟ ಗಳಿಗೇಲೇ ಶುರು ಮಾಡಿದ್ರಲ್ಲ," ಎಂದು ಗೊಣಗುತ್ತಲೇ ನಮ್ಮೂರು ಮತ್ತಿಗಿರಿಯ ಬಸ್ಸು ಹತ್ತಿ, ಮನೆಗೆ ಹೋಗಿ ಒಲೆ ಹಚ್ಚಿದೆ.