ಅರ್ಧ ವರ್ಷದ ಹಸಿರು ಗಾಡಿ

ಸಿಂಧನೂರಿನ ಯಂಕೋಬನಿಗೆ ಕೂತಲ್ಲಿ ಕೂರುವ ಜಾಯಮಾನವೇ ಇಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತಾನೆ, ಯಾರೋ ಕರೆದರೆ ಎದ್ದು ಓಡಬೇಕು ಎನ್ನುವ ಹಾಗೆ. ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿ ಆಯುಷ್ಯ ಸವೆಸಿದ ಮನುಷ್ಯ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ ಅನ್ನುವುದು ಹೇಳುವುದಕ್ಕೆ ಮಾತ್ರ. ಮೊನ್ನೆ ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ಇಳಿಸಿ, ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಏರಿಸಿ, "ಈಗ ನೋಡು" ಎಂದ. ಫ್ಯಾನು ಮೊದಲಿನ ಹಾಗೇ ತಿರುಗಿತು. ಹೆಂಡತಿ ಗದ್ದೆಮ್ಮನಿಗೆ ಇವನ ಕಾಟ ಸಾಕುಸಾಕಾಗಿ ಹೋಗಿತ್ತು.

ಆದರೆ ಈ ದಸರೆಯ ತಳಮಳವೇ ಬೇರೆ. ಮನೆಯ ಪಕ್ಕದ ತಗಡಿನ ಶೆಡ್ಡು ಖಾಲಿ ಇತ್ತು. ಯಂಕೋಬ ಅದರ ಕಸ ಹೊಡೆಯುತ್ತಾನೆ, ನೀರು ಹಾಕುತ್ತಾನೆ, ಹೊರಗೆ ಬಂದು ನಿಲ್ಲುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ. ಬರಬೇಕಾದ ಗಾಡಿ ಲಿಂಗಸುಗೂರಿನಲ್ಲಿತ್ತು, ಅವನ ಗೆಳೆಯ ಗಂಗಾಧರ ಮಾಸ್ತರನ ಮನೆಯಲ್ಲಿ.

ಗಾಡಿ ಎಂದರೆ ಅಂಥಿಂಥ ಗಾಡಿಯಲ್ಲ. ಎರಡೇ ಸೀಟಿನ, ಬಟ್ಟೆ ಹುಡ್ಡಿನ, ಹಸಿರು ಬಣ್ಣದ ಹಳೆಯ ಎಂ.ಜಿ. ಕಾರು. ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದದ್ದು. ಹಟ್ಟಿ ಗಣಿಯ ಕಡೆಗೆ ಬಂದಿದ್ದ ಯಾರೋ ಎಂಜಿನಿಯರು ಬಿಟ್ಟುಹೋಗಿದ್ದನಂತೆ. ಅದು ಕೈಯಿಂದ ಕೈಗೆ ದಾಟಿ, ಕೊನೆಗೆ ಲಿಂಗಸುಗೂರಿನ ಒಂದು ಕಾಂಪೌಂಡಿನ ಜಾಲಿಗಿಡದ ಕೆಳಗೆ ಬಿದ್ದು, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುವ ಸ್ಥಿತಿಗೆ ಬಂದಿತ್ತು. ಮೊದಲು ಕಂಡದ್ದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಗಂಗಾಧರನಿಗೆ. ಅವನಿಗೆ ಪುಸ್ತಕ ಓದಲು ಬರುತ್ತದೆ, ನಟ್ಟು ಬಿಚ್ಚುವ ಪಾನಾ ಹಿಡಿಯಲು ಬರುವುದಿಲ್ಲ. ಯಂಕೋಬನನ್ನು ಕರೆಸಿದ. ಇಬ್ಬರೂ ಮಸ್ಕಿಯ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು ಬೆಳೆದವರು. ಜೋಡಿಯಾಗಿ ಕೊಂಡರು, ವರ್ಷಗಟ್ಟಲೆ ಒದ್ದಾಡಿ ಎಬ್ಬಿಸಿದರು. ಅದರ ನಟ್ಟುಗಳಿಗೆ ನಮ್ಮ ಟ್ರ್ಯಾಕ್ಟರಿನ ಪಾನಾ ಹಿಡಿಯುವುದಿಲ್ಲ. ಯಂಕೋಬ ಒಂದೊಂದು ಪಾನಾವನ್ನೂ ಅರ ಹಾಕಿ ತಿಕ್ಕಿ ತಾನೇ ಮಾಡಿಕೊಂಡ.

ಗಾಡಿ ಒಂದು, ಮನೆ ಎರಡು. ಅದಕ್ಕೇ ಪಾಳಿ ಹಚ್ಚಿದರು. ಯುಗಾದಿಯಿಂದ ದಸರೆಯವರೆಗೆ ಲಿಂಗಸುಗೂರು, ದಸರೆಯಿಂದ ಯುಗಾದಿಯವರೆಗೆ ಸಿಂಧನೂರು. ಕೈ ಬದಲಾಗುವುದು ನಡುವಿನ ಮಸ್ಕಿಯಲ್ಲಿ, ಬಸ್ ನಿಲ್ದಾಣದ ಆಚೆಗಿರುವ ಅಲ್ಲಾಭಕ್ಷನ ಚಹಾದ ಅಂಗಡಿಯ ಮುಂದೆ. ಮುಂದಿನ ಹಲಗೆಯ ಮೇಲೆ ಗಂಗಾಧರ ಅಂಟಿಸಿದ ಪುಟ್ಟ ಬುದ್ಧನೂ ಯಂಕೋಬ ಅಂಟಿಸಿದ ಅಂಬಾದೇವಿಯೂ ವರ್ಷವಿಡೀ ಒಟ್ಟಿಗೇ ಇದ್ದರು. ಅವರ ನಡುವೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಬ್ಯಾಟರಿಯ ವಿಷಯಕ್ಕೆ.

ಆ ಕಾಲಕ್ಕೆ ಕಂಪನಿಯವರು ಬ್ಯಾಟರಿಯ ಪ್ಲಸ್ ತಂತಿಯನ್ನು ಗಾಡಿಯ ಮೈಗೆ ಕೂಡಿಸುತ್ತಿದ್ದರು. ಈಗಿನ ಗಾಡಿಗಳದ್ದು ತಿರುವುಮುರುವು, ಮೈನಸ್ ತಂತಿ ಮೈಗೆ. ಯಂಕೋಬನಿಗೆ ಗಾಡಿಯಲ್ಲಿ ಒಂದು ರೇಡಿಯೊ ಬೇಕು, ಈಗಿನ ರೇಡಿಯೊಗೆ ಈಗಿನ ಪದ್ಧತಿಯೇ ಆಗಬೇಕು.

"ಮಾಡಿದವ್ರು ಹೆಂಗ ಮಾಡ್ಯಾರ ಹಂಗ ಇರ್ಲಿ. ರೇಡಿಯೊ ಕೇಳಬೇಕಂದ್ರ ಮನ್ಯಾಗ ಕುಂತು ಕೇಳು" ಎಂದು ಗಂಗಾಧರ.

"ಹಂಗಾರ ಗಾಜಿನ ಪೆಟಗ್ಯಾಗ ಇಟ್ಟು ಬೀಗ ಹಾಕು" ಎಂದು ಯಂಕೋಬ.

ಇಬ್ಬರೂ ಸೋಲಲಿಲ್ಲ. ಮಸ್ಕಿಯಲ್ಲಿ ಗಾಡಿ ಯಾರ ಕೈಗೆ ಬಂತೋ ಅವನು ಚಹಾ ಕುಡಿಯುವ ಮೊದಲೇ ಬಾನೆಟ್ ಎತ್ತಿ, ಬ್ಯಾಟರಿಯ ತಂತಿ ಅದಲುಬದಲು ಮಾಡಿ, ಡೈನಮೊಗೂ ಹೊಸ ದಿಕ್ಕು ಹಿಡಿಸಲು ತಂತಿ ತಾಗಿಸಿ ಚಟ್ಟೆಂದು ಒಂದು ಕಿಡಿ ಹಾರಿಸುವುದು. ಅದೇ ರೂಢಿಯಾಗಿಹೋಯಿತು. ಕೈ ತಾನಾಗಿಯೇ ಮಾಡುತ್ತಿತ್ತು, ಕಣ್ಣು ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತು ಗಂಟಲು ಹರಿಯುವಂತೆ ವಾದ ಮಾಡುವುದು. ಅಲ್ಲಾಭಕ್ಷ ಹೊಸ ಗಿರಾಕಿಗಳಿಗೆ, "ಅಂಜಬ್ಯಾಡ್ರಿ, ಹೊಡದಾಡಂಗಿಲ್ಲ ಅವ್ರು" ಎಂದು ಮೊದಲೇ ಹೇಳಿಡುತ್ತಿದ್ದ.

ವಾದ ಫೋನಿನಲ್ಲೂ ಇತ್ತು. ಪುಣೆ, ಚೆನ್ನೈ, ಕೋಲ್ಕತ್ತಾದ ಹಳೆಯ ಬ್ರಿಟಿಷ್ ಗಾಡಿಯ ಹುಚ್ಚರದೊಂದು ಗ್ರೂಪು, ಇವರಿಬ್ಬರೂ ಅದರಲ್ಲಿದ್ದರು. ಕಾರ್ಬೊರೇಟರಿಗೆ ಯಾವ ಎಣ್ಣೆ ಬಿಡಬೇಕು ಎಂದು ಯಾರಾದರೂ ಕೇಳಿದರೆ ಒಬ್ಬ ಎಂಜಿನ್ ಎಣ್ಣೆ ಎನ್ನುತ್ತಾನೆ, ಇನ್ನೊಬ್ಬ ಹೊಲಿಗೆ ಮಿಷನ್ನಿನ ಎಣ್ಣೆ ಎನ್ನುತ್ತಾನೆ, ಗಂಗಾಧರ ಒಂದು ಪುಟ ಬರೆಯುತ್ತಾನೆ, ಯಂಕೋಬ ಕೆಳಗೆ 'ತಪ್ಪು' ಎಂದಷ್ಟೇ ಬರೆಯುತ್ತಾನೆ. ಎರಡು ಪೇಟೆಗಳ ಈ ಇಬ್ಬರ ಜಗಳ ನೋಡಲೆಂದೇ ಕೆಲವರು ಗ್ರೂಪಿನಲ್ಲಿದ್ದರು.

ಈ ಸಲ ಶ್ರಾವಣದಲ್ಲಿ ಯಂಕೋಬನ ನಾಲಿಗೆ, ಅಲ್ಲ, ಬೆರಳು ಅತಿಯಾಯಿತು. 'ಮಾಸ್ತರಿಗೆ ಗಾಡಿ ಪೂಜಿ ಮಾಡಾಕ ಬರತೈತಿ, ಓಡಸಾಕ ಬರಂಗಿಲ್ಲ' ಎಂದು ಎಲ್ಲರೆದುರು ಬರೆದುಬಿಟ್ಟ. ಅಲ್ಲಿಂದ ಗಂಗಾಧರ ತುಟಿಪಿಟಕ್ ಎನ್ನಲಿಲ್ಲ. ಎಣ್ಣೆಯ ಮಾತು ಬಂತು, ಟೈರಿನ ಮಾತು ಬಂತು, ಮಾಸ್ತರನ ಸುದ್ದಿಯೇ ಇಲ್ಲ. ಯಂಕೋಬ ಬೇಕೆಂದೇ ತಪ್ಪು ತಪ್ಪು ಬರೆದು ನೋಡಿದ. ತಿದ್ದುವವರಿಲ್ಲ.

ದಸರೆ ಹತ್ತಿರ ಬಂದಾಗ ಗಂಗಾಧರನಿಂದ ಒಂದು ಸಂದೇಶ ಬಂತು, ಅದೂ ಮಾತಿನಲ್ಲಿ ಹೇಳಿದ್ದು. ಯಂಕೋಬನಿಗೆ ಅಲ್ಲೇ ಸಂಕಟ. ಗಿರಣಿಯ ಸದ್ದಿನಲ್ಲಿ ಅವನ ಕಿವಿ ಎಂದೋ ಮಂದವಾಗಿತ್ತು. ಗದ್ದೆಮ್ಮನೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಾಗದಂತೆ ಅದನ್ನು ಮುಚ್ಚಿಟ್ಟುಕೊಂಡಿದ್ದ. ಫೋನು ಕಿವಿಗೆ ಒತ್ತಿ, ತಿರುಗಿಸಿ ಒತ್ತಿ, ಕೊನೆಗೆ ಅವಳ ಕೈಗೆ ಕೊಟ್ಟ.

"ಮಸ್ಕಿಗೆ ಬಂದು ಗಾಡಿ ತಗೊಂಡು ಹೋಗು ಅಂತಾರ" ಎಂದಳು ಗದ್ದೆಮ್ಮ. "ಇನ್ಮ್ಯಾಲೆ ಅವ್ರ ಪಾಳಿ ಇಲ್ಲಂತ. ನೀನ ಕಾಯಂ ಇಟ್ಟುಕೋ ಅಂದಾರ."

"ಸಿಟ್ಟಿಲೆ ಅಂದಾನೇನು?"

"ಇಲ್ಲ. ಭಾಳ ಸಣ್ಣ ದನಿ ಅದ."

ಸಿಟ್ಟಿನಿಂದ ಹೇಳಿದ್ದರೆ ಯಂಕೋಬ ನೆಮ್ಮದಿಯಿಂದ ಮಲಗುತ್ತಿದ್ದ. ಸಣ್ಣ ದನಿ ಅವನನ್ನು ತಿಂದುಹಾಕಿತು. ಪೂರ್ತಿ ಗಾಡಿ ತನ್ನದಾಗಬೇಕು ಎಂದು ಒಂದು ಕಾಲಕ್ಕೆ ಬಾಯಿ ಬಿಟ್ಟು ಹೇಳಿಕೊಂಡಿದ್ದವನೇ. ಈಗ ಅದು ತಾನಾಗಿ ಬರುತ್ತಿದೆ, ಇವನಿಗೆ ಅನ್ನ ಇಳಿಯುತ್ತಿಲ್ಲ. ಗಾಡಿಯನ್ನು ಇಟ್ಟುಕೊಂಡು ಯಾರ ಜೊತೆ ವಾದ ಮಾಡುವುದು? ಇನ್ನೊಂದು ಭಯವೂ ಇತ್ತು. ಆ ಗಾಡಿಗೆ ಎರಡು ಕಾರ್ಬೊರೇಟರು, ಎರಡೂ ಸಮನಾಗಿ ಉಸಿರೆಳೆಯಬೇಕು. ರಬ್ಬರ್ ಪೈಪಿನ ಒಂದು ತುದಿಯನ್ನು ಅದರ ಬಾಯಿಗೆ ಹಿಡಿದು, ಇನ್ನೊಂದು ತುದಿಯನ್ನು ಕಿವಿಗಿಟ್ಟು, ಆ ಸುಯ್ ಎನ್ನುವ ಸದ್ದು ಕೇಳಿ ಸ್ಕ್ರೂ ತಿರುಗಿಸಬೇಕು. ಅದನ್ನು ಮಾಡುತ್ತಿದ್ದದ್ದು ಗಂಗಾಧರ, ಪ್ರತಿ ಸಲವೂ ಮಸ್ಕಿಯಲ್ಲಿ. ಯುಗಾದಿ ಹತ್ತಿರ ಬರುವಾಗ ಗಾಡಿ ಕೆಮ್ಮತೊಡಗಿದರೆ ಯಂಕೋಬ 'ಪೆಟ್ರೋಲ್ ಬರೋಬ್ಬರಿ ಇಲ್ಲ' ಎಂದು ತಿಪ್ಪೆ ಸಾರಿಸುತ್ತಿದ್ದ. ಗಂಗಾಧರನಿಲ್ಲದೆ ಗಾಡಿ ಒಂದು ವರ್ಷವೂ ಬಾಳುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ದಸರೆಯ ಮರುದಿನ, ಬೇಗನೇ ಎದ್ದು ಮಸ್ಕಿಯ ಬಸ್ಸು ಹತ್ತಿದ. ಜೇಬಿನಲ್ಲಿ ಹಬ್ಬದ ಬನ್ನಿ ಎಲೆ, ಚೀಲದಲ್ಲಿ ರೇಡಿಯೊ. ಗೊರೇಬಾಳದ ಗದ್ದೆಗಳು ಕಿಟಕಿಯಲ್ಲಿ ಹಸಿರಾಗಿ ಓಡಿದವು, ಇವನು ಒಂದನ್ನೂ ನೋಡಲಿಲ್ಲ. ಸೀಟಿದ್ದರೂ ಬಾಗಿಲಲ್ಲಿ ನಿಂತ. ಕಂಡಕ್ಟರ್ ಬೈದ ಮೇಲೆ ಕೂತ, ಮತ್ತೆ ಎದ್ದ. ಮಸ್ಕಿಯಲ್ಲಿ ಇಳಿದವನು ಅಂಗಡಿಯ ಮುಂದೆ ಶತಪಥ ಹಾಕತೊಡಗಿದ. ಅಲ್ಲಾಭಕ್ಷ ಚಹಾ ಕೊಟ್ಟರೆ ಅದನ್ನು ಹಿಡಿದುಕೊಂಡೇ ಲಿಂಗಸುಗೂರಿನ ರಸ್ತೆಯ ಕಡೆ ನಡೆದು, ಗ್ಲಾಸಿನ ಸಮೇತ ವಾಪಸ್ಸು ಬಂದ.

ಗಾಡಿ ಬಂತು. ಯಂಕೋಬ ಕಣ್ಣುಜ್ಜಿಕೊಂಡ. ಸ್ಟೇರಿಂಗ್ ಹಿಡಿದಿದ್ದವಳು ಗಂಗಾಧರನ ಹೆಂಡತಿ, ನರ್ಸ್ ಆಗಿ ನಿವೃತ್ತಳಾದ ಪದ್ಮಾವತಿ. ತಲೆಗೆ ಸೆರಗು ಬಿಗಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪಕ್ಕದಲ್ಲಿ ಕಪ್ಪು ಕನ್ನಡಕದ ಗಂಗಾಧರ. ಓಹೋ, ಸಾಹೇಬರು ಹೆಂಡತಿಗೆ ಗಾಡಿ ಕೊಟ್ಟು ಶೋಕಿ ಮಾಡಿಕೊಂಡು ಬಂದಿದ್ದಾರೆ ಎಂದುಕೊಂಡ ಯಂಕೋಬ.

ಪದ್ಮಾವತಿ ಚಹಾ ಹೇಳಲು ಹೋದಳು. ಗಂಗಾಧರ ಬಾಗಿಲು ಹಿಡಿದು ನಿಧಾನವಾಗಿ ಇಳಿಯುತ್ತಿದ್ದ. ಅವನ ಮುಖ ನೋಡುವ ಧೈರ್ಯವಾಗದೆ ಯಂಕೋಬ ಸೀದಾ ಬಾನೆಟ್ ಎತ್ತಿದ. ತಂತಿ ಅದಲುಬದಲು ಮಾಡಿದ. ಡೈನಮೊಗೆ ಕಿಡಿ ಹಾರಿಸಿದ. ಚೀಲದಿಂದ ರೇಡಿಯೊ ತೆಗೆದು ಜೋಡಿಸಿ ಗುಂಡಿ ಒತ್ತಿದ. ರೇಡಿಯೊದಿಂದ ಸಣ್ಣಗೆ ಹೊಗೆ ಎದ್ದಿತು, ಹಾಡು ಬರಲಿಲ್ಲ.

"ಏನಲೇ ಅದು ಸುಟ್ಟ ವಾಸನಿ?" ಎಂದು ಗಂಗಾಧರ ಒದರಿದ.

"ರೇಡಿಯೊ."

"ವೈರ್ ತಿರುವಿದೇನು?"

"ಮತ್ತ? ಪ್ರತಿ ಸಲ ತಿರುವಂಗಿಲ್ಲೇನು?"

ಗಂಗಾಧರ ಮಡ್‌ಗಾರ್ಡ್ ಹಿಡಿದು ನಿಂತ. "ನಾ ಮುಂಜಾನೇನ ತಿರುವಿ ತಂದಿದ್ನೆಪ. ನಿನ್ನ ಪ್ರಕಾರ. ಕಡೀ ಸಲ ಐತಿ, ನೀ ಹೇಳಿದಂಗ ಆಗ್ಲಿ ಅಂತ."

ಯಂಕೋಬ ಪಾನಾ ಬಿಟ್ಟು ಅವನ ಎದುರಿಗೆ ಬಂದ. "ಕಡೀ ಸಲ ಯಾಕಲೇ? ನಾ ಹಂಗ ಬರದಿದ್ದಕ್ಕ?"

"ಏನ್ ಬರದಿದ್ದಿ? ನಾ ಏನೂ ಓದಿಲ್ಲ. ಅಕ್ಷರ ಕಾಣಂಗಿಲ್ಲಲೇ ನನಗ. ಕಣ್ಣಿನ ನರ ಒಣಗಾಕತ್ಯಾವಂತ. ಎದುರಿಗೆ ಬರೋ ಲಾರಿ ಮಬ್ಬ ಮಬ್ಬ ಕಾಣತೈತಿ, ಬಾಜೂಕ ಬರೋ ಎಮ್ಮಿ ಕಾಣಂಗಿಲ್ಲ. ಗಾಡಿ ಮುಟ್ಟಬ್ಯಾಡ ಅಂದಾರ ಡಾಕ್ಟ್ರು. ಏನ್ ಬರದಿದ್ದಿ ಹೇಳು."

"ಏನಿಲ್ಲ. ಹಬ್ಬದ್ದು ಶುಭಾಶಯ" ಎಂದ ಯಂಕೋಬ.

ಗಂಡನ ಫೋನಿನಲ್ಲಿ ಗ್ರೂಪಿಗೆ ಬಂದದ್ದನ್ನೆಲ್ಲ ಓದಿದ್ದ ಪದ್ಮಾವತಿ, ಚಹಾದ ಗ್ಲಾಸು ಹಿಡಿದು ನಿಂತವಳು, ಮುಖ ಆಚೆ ತಿರುಗಿಸಿ ನಕ್ಕಳು. ಗಂಡನಿಗೆ ಮಾತ್ರ ಏನೂ ಹೇಳಲಿಲ್ಲ.

"ಆತಲ್ಲ, ಮತ್ತ ತಿರುವು ಅದನ್ನ" ಎಂದ ಗಂಗಾಧರ. "ಗಾಡಿ ಇನ್ನ ನಿಂದು."

"ತಿರುವಂಗಿಲ್ಲ. ಕಂಪನ್ಯಾವ್ರು ಹೆಂಗ ಮಾಡ್ಯಾರ ಹಂಗ ಇರ್ಲಿ."

"ರೇಡಿಯೊ ಬ್ಯಾಡೇನು?"

"ಸುಟ್ಟು ಹೋಗೇತಿ, ಏನ್ ಮಾಡ್ಲಿ."

ಮಾಸ್ತರ ಮೈನಸ್ಸಿನ ಪರ, ಫಿಟ್ಟರ್ ಪ್ಲಸ್ಸಿನ ಪರ. ಇಷ್ಟು ವರ್ಷ ಇವನು ಆಡಿದ ಮಾತು ಅವನ ಬಾಯಲ್ಲಿ, ಅವನ ಮಾತು ಇವನ ಬಾಯಲ್ಲಿ. ಅಲ್ಲಾಭಕ್ಷ ಒಲೆ ಬಿಟ್ಟು ಹೊರಗೆ ಬಂದು ನಿಂತ. ಚಹಾ ಆರಿತು. ಕೊನೆಗೆ ಪದ್ಮಾವತಿಯೇ ಗಾಡಿ ಚಾಲೂ ಮಾಡಿದಳು. ಎಂಜಿನ್ ಎದ್ದಿತು, ಆದರೆ ಎರಡು ಸಲ ಕೆಮ್ಮಿತು, ನಡುಗಿತು.

ಗಂಗಾಧರ ಜೇಬಿನಿಂದ ರಬ್ಬರ್ ಪೈಪು ತೆಗೆದು ಯಂಕೋಬನ ಕಡೆ ಚಾಚಿದ. "ತಗೋ. ಇನ್ನ ನೀನ ಮಾಡಬೇಕಲ್ಲ. ಕಲ್ತುಕೋ."

ಯಂಕೋಬ ಪೈಪು ಕಿವಿಗಿಟ್ಟ. ಮೊದಲ ಕಾರ್ಬೊರೇಟರಿಗೆ ಹಿಡಿದ, ಎರಡನೆಯದಕ್ಕೆ ಹಿಡಿದ. ಗಿರಣಿಯದ್ದೇ ಹಳೆಯ ಗುಂಯ್‌ಗುಡುವ ಸದ್ದು ಬಿಟ್ಟರೆ ಏನೂ ಇಲ್ಲ. ಹ್ಞೂಂ, ಬರೋಬ್ಬರಿ ಐತಿ ಎಂದು ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಗಾಡಿ ಸಿಂಧನೂರಿಗೆ ಹೋಗಿ, ಕೆಮ್ಮಿ ಕೆಮ್ಮಿ, ಒಂದು ದಿನ ಶೆಡ್ಡಿನಲ್ಲಿ ನಿಂತುಬಿಡುತ್ತಿತ್ತು. ಯಂಕೋಬ ಪೈಪನ್ನು ಕಿವಿಯಿಂದ ಇಳಿಸಿದ.

"ನನಗ ಕೇಳಂಗಿಲ್ಲಲೇ, ಗಂಗ್ಯಾ" ಎಂದ.

"ಗೊತ್ತೈತಿ."

"ಗೊತ್ತೈತಾ?"

"ಮತ್ತ ನಾ ಯಾಕ ಇಷ್ಟು ವರ್ಷ ಒದರಿ ಮಾತಾಡ್ತಿದ್ದೆ? ಮಸ್ಕಿ ಮಂದಿ ನಾವು ಜಗಳಾಡತೀವಿ ಅಂತ ತಿಳಕೊಂಡಾರ."

ಯಂಕೋಬ ಜೇಬಿನ ಬನ್ನಿ ತೆಗೆದು ಗಂಗಾಧರನ ಅಂಗೈಯಲ್ಲಿಟ್ಟು, "ಬಂಗಾರದಂಗ ಇರೋಣ" ಎಂದ. ಪದ್ಮಾವತಿಯ ಕಡೆ ತಿರುಗಿ, "ಅಕ್ಕಾರ, ಯುಗಾದಿಗೆ ಗಾಡಿ ಒಯ್ಯಾಕ ನೀವ ಬರ್ರಿ. ಪಾಳಿ ತಪ್ಪಸಂಗಿಲ್ಲ. ಇವನನ್ನೂ ಕರಕೊಂಡು ಬರ್ರಿ" ಎಂದ.

"ಇವ್ರನ್ನ ಬಿಟ್ಟು ಬಂದ್ರ ನನ್ನ ಜೀವಾ ಬಿಡತಾರೇನು, ಯಂಕೋಬಣ್ಣ?" ಎಂದಳು ಅವಳು.

ಯಂಕೋಬ ಪೈಪಿನ ತುದಿಯನ್ನು ಗೆಳೆಯನ ಕಿವಿಗೆ ತಾನೇ ಇಟ್ಟ. ಇನ್ನೊಂದು ತುದಿಯನ್ನು ಕಾರ್ಬೊರೇಟರಿಗೆ ಹಿಡಿದು ಸ್ಕ್ರೂ ಡ್ರೈವರ್ ತೆಗೆದುಕೊಂಡ. ಗಂಗಾಧರ ತಲೆ ಬಗ್ಗಿಸಿ ಕೇಳಿದ.

"ಬಲಕ್ಕ, ಇನ್ನೊಂದು ಚೂರು" ಎಂದು ಬಸ್ ನಿಲ್ದಾಣದವರೆಲ್ಲ ತಿರುಗಿ ನೋಡುವ ಹಾಗೆ ಒದರಿದ. ಯಂಕೋಬ ಒಂದು ಚೂರು ಬಲಕ್ಕೆ ತಿರುಗಿಸಿದ.