ಬಾನೆಟ್ಟಿನ ಮೇಲೆ ಬಂದ ಕವಳಿ ಹಣ್ಣು

ಶಬಾನಾ, ಆ ಹಣ್ಣು ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು — ಈಗಲೂ ನಿನ್ನ ಮುಖ ನೋಡಿ ಹೇಳುತ್ತಿಲ್ಲ, ದಾವಣಗೆರೆಯ ನನ್ನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸುಸ್ತಾಗಿದೆ. ಸುಳ್ಳನ್ನು ಹೊತ್ತು ತಿರುಗುವುದೂ ಒಂದು ಕೂಲಿಯೇ, ಸಂಜೆಗೆ ಇಳಿಸಿ ಬರಲಾಗದ ಕೂಲಿ.

ಕಾಲೇಜಿನ ಹಿಂಬದಿಯ ಲ್ಯಾಬಿನಲ್ಲಿ ನಾವಿಬ್ಬರೂ ಸರ್ ಕೈಕೆಳಗೆ ಸಂಶೋಧನೆಗೆ ಸೇರಿದ್ದೆವು. ಬೇಲಿಯ ಮುಳ್ಳುಗಿಡದ ಕವಳಿ, ಕಾಯಾಗಿದ್ದಾಗ ಉಪ್ಪಿನಕಾಯಿಗೆ ಕೀಳುವವರುಂಟು. ಹಣ್ಣಾಗಿ ಕಪ್ಪಾದ ಮೇಲೆ ಕೇಳುವವರಿಲ್ಲ, ಬೇಲಿಯಲ್ಲೇ ಉದುರಿ ಹೋಗುತ್ತದೆ. ಆ ಹಣ್ಣಿನ ಕೆಂಪಿನಲ್ಲಿ ದೇಹಕ್ಕೆ ಒಳ್ಳೆಯದು ಮಾಡುವ ಸತ್ವವಿದೆ, ಅದನ್ನು ಕೆಡದ ಹಾಗೆ ಹೊರತೆಗೆಯಬೇಕು — ಅದೇ ನಮ್ಮ ಕೆಲಸ. ಸರ್ ಕಾಯಿಸಿ ತೆಗೆಯಿರಿ ಅಂದಿದ್ದರು. ನೀನು ಬೇಡ ಅಂದೆ. ಜಜ್ಜಿದ ಹಣ್ಣನ್ನು ಚೂರು ನಿಂಬೆಉಪ್ಪು ಹಾಕಿದ ಸ್ಪಿರಿಟ್ಟಿನಲ್ಲಿ ನೆನೆಸಿ ಕತ್ತಲಲ್ಲಿ ತಣ್ಣಗೆ ಬಿಡೋಣ, ಸೋಸಿದ ಮೇಲೆ ಸ್ಪಿರಿಟ್ಟನ್ನು ಉಗುರುಬೆಚ್ಚಗಿನ ಬಿಸಿಯಲ್ಲಿ, ನಿಧಾನವಾಗಿ ಆವಿ ಮಾಡೋಣ ಅಂದೆ. ಪುಟ್ಟ ಬಾಟಲಿಗಳಲ್ಲಿ ನೀನೇ ಮಾಡಿಯೂ ನೋಡಿದ್ದೆ. ದೊಡ್ಡದಾಗಿ ಒಮ್ಮೆ ಮಾಡಿ ತೋರಿಸು, ಆಮೇಲೆ ನೋಡೋಣ ಅಂದರು ಸರ್.

ನಿನಗೆ ಅದು ಬರೀ ಪ್ರಯೋಗವಲ್ಲ, ಅದು ನನಗೆ ಗೊತ್ತಿತ್ತು. ಈ ಪ್ರಯೋಗ ಕೈಹತ್ತಿದರೆ ಓದು, ಇಲ್ಲಾಂದ್ರೆ ಅಂಗಡಿಗೆ ಬಾ — ಹರಿಹರದ ಶರಬತ್ತಿನ ಅಂಗಡಿಯಲ್ಲಿ ಕೂತು ನಿನ್ನ ಅಬ್ಬಾ ಹಾಗೆ ಹೇಳಿದ್ದು ನನ್ನ ಎದುರಿಗೇ.

ಆ ವರ್ಷದ ಕೊನೆಯ ಹಣ್ಣು ಅದು. ಹರಿಹರದ ಹತ್ತಿರದ ಸಾರಥಿ ಹಳ್ಳಿಯ ಬೇಲಿಗಳಲ್ಲಿ ನೀನು ಮುಳ್ಳು ಗೀರಿಸಿಕೊಂಡು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದೆ. ಬಂದವಳೇ, "ಬಸ್ ರಶ್ ಇತ್ತಕ್ಕ, ಡ್ರೈವರ್ ಪಕ್ಕ ಬಾನೆಟ್ ಮ್ಯಾಲೆ ಇಟ್ಬಿಟ್ಟೆ. ಇಂಜಿನ್ ಬಿಸಿ ತಗುಲೈತೇನೋ, ನೋಡ್ರಿ" ಅಂದೆ. ನಾನು ಚೀಲ ಬಿಚ್ಚಿ ನೋಡಿ, ಇರಲಿ ಬಿಡು ಅಂದೆ. ನೀನು ಹಣ್ಣು ಜಜ್ಜಿ ನೆನೆಹಾಕಿ ಹೋದೆ. ಮರುದಿನ ಅಬ್ಬಾಗೆ ಜ್ವರ, ನೀನು ಬರಲಾಗಲಿಲ್ಲ. ಫೋನಿನಲ್ಲಿ ಹೇಳಿದೆ: "ಸೋಸಿ ಇಡ್ರಿ ಅಕ್ಕ, ಸಣ್ಣ ಬಿಸಿ ಸಾಕು. ಅವಸರ ಬ್ಯಾಡ."

ನಾನು ಸೋಸಿದೆ. ಎಂಥಾ ಕೆಂಪು ಅದು! ಅದನ್ನು ನೋಡಿದವಳು ನಾನೊಬ್ಬಳೇ, ನಿನಗೆ ನೋಡಲು ಸಿಗಲೇ ಇಲ್ಲ. ಬಿಸಿನೀರಿನ ತೊಟ್ಟಿಯಲ್ಲಿಟ್ಟು ಕಾದೆ. ಕಾದು ಕಾದು ಬೇಸರ ಬಂತು, ಹಸಿವೂ ಆಯಿತು. ಬೇಗ ಆಗಲಿ ಅಂತ ಬಿಸಿಯನ್ನು ಪೂರ್ತಿ ಏರಿಸಿ ಮಂಡಕ್ಕಿ-ಮಿರ್ಚಿ ತಿನ್ನಲು ಹೋದೆ. ಲ್ಯಾಬಿಗಿಂತ ಮಿರ್ಚಿ ಅಂಗಡೀನೇ ಹತ್ರ ನಿಮ್ಗೆ ಅಂತ ನೀನು ಯಾವಾಗಲೂ ಛೇಡಿಸುತ್ತಿದ್ದೆಯಲ್ಲ, ಹಾಗೇ ಆಯಿತು. ಪರಿಚಯದವರು ಸಿಕ್ಕರು, ಚಹಾ ಆಯಿತು, ಮಾತಾಯಿತು. ಬಂದು ನೋಡಿದರೆ ಕೆಂಪಿಲ್ಲ. ಕಂದು ಪಾಕ, ಸೀದ ಬೆಲ್ಲದ ವಾಸನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನ ಬೆಳಿಗ್ಗೆ ಸರ್ ಬಾಟಲಿ ಎತ್ತಿ ನೋಡಿದರು. ನೀನು ಪಕ್ಕದಲ್ಲೇ ನಿಂತಿದ್ದೆ. "ಏನಾಯ್ತಿದು?" ಅಂದರು. ನಾನು ಹೇಳಿದ್ದು ಒಂದೇ ಮಾತು — "ಹಣ್ಣು ಬಾನೆಟ್ ಮ್ಯಾಲೆ ಬಂದಿತ್ತು ಸರ್."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ಅದರ ಹೊಲಸು. ಸರ್ ಬೈಯಲಿಲ್ಲ, ಈ ತಣ್ಣನೆ ವಿಧಾನಕ್ಕೆಲ್ಲ ಇಷ್ಟು ಸೂಕ್ಷ್ಮವಾದರೆ ಹೇಗಮ್ಮ ಅಂದರು ಅಷ್ಟೆ. ನೀನು ತಲೆ ತಗ್ಗಿಸಿ, "ನಂದೇ ತಪ್ಪು ಸರ್" ಅಂದೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಬೇಲಿಯಲ್ಲಿ ಮತ್ತೆ ಕೀಳಲು ಹಣ್ಣಿರಲಿಲ್ಲ. ನೀನು ಅಂಗಡಿಗೆ ಹೋದೆ. ಮುಂದಿನ ಹಂಗಾಮಿನಲ್ಲಿ ನಾನು ನಿನ್ನ ವಿಧಾನದಲ್ಲೇ, ನೀನು ಹೇಳಿದಷ್ಟೇ ಬಿಸಿಯಲ್ಲಿ ಮಾಡಿದೆ. ಕೆಂಪು ನಿಂತಿತು. ಸರ್ ಮೆಚ್ಚಿದರು, ಪದವಿ ಬಂತು, ಕೆಲಸ ಬಂತು. ಇದು ಯಾರು ಹೇಳಿದ ದಾರಿ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೊನ್ನೆ ಹರಿಹರಕ್ಕೆ ಮದುವೆಗೆ ಬಂದವಳು ನಿನ್ನ ಅಂಗಡಿಗೆ ಬಂದೆನಲ್ಲ. ನೀನು ಗುರುತು ಹಿಡಿದು, "ಬರ್ರಿ ಅಕ್ಕ, ಕೂಡ್ರಿ" ಅಂತ ಸ್ಟೂಲು ಒರೆಸಿದೆ. ಕವಳಿ ಶರಬತ್ತು ಕೊಟ್ಟೆ. ಲೋಟದಲ್ಲಿ ಅದೇ ಕೆಂಪು. ಹಣ್ಣು ಎಲ್ಲಿಯದು ಅಂತ ನಾನು ಕೇಳಿದ್ದಕ್ಕೆ ನೀನು ನಗುತ್ತಾ ಹೇಳಿದೆ:

"ಈಗ್ಲೂ ಸಾರಥಿಯಿಂದ ನಾನೇ ತರ್ತೀನಕ್ಕ. ಸೀಟ್ ಸಿಕ್ರೆ ಮಡ್ಲಾಗೆ, ಇಲ್ಲಾಂದ್ರೆ ಕೈಯಾಗೆ ಹಿಡ್ಕಂಡು ನಿಂತ್ಕಂತೀನಿ. ಬಾನೆಟ್ ಮ್ಯಾಲೆ ಮಾತ್ರ ಇಡಂಗಿಲ್ಲ. ಒಂದ್ಸಲ ಕಲ್ತಿದ್ದು ಸಾಕು."

ನಾನು ಶರಬತ್ತು ಕುಡಿದು ಎದ್ದು ಬಂದೆ. ನನ್ನ ಒಂದು ಮಾತಿನ ಭಾರವನ್ನು ನೀನು ಇಷ್ಟು ವರ್ಷ ಬಸ್ಸಿನಲ್ಲಿ ಕೈಯಲ್ಲಿ ಹಿಡಿದು ನಿಂತಿದ್ದೀ, ನನಗೆ ಗೊತ್ತೇ ಇರಲಿಲ್ಲ. ನಾಚಿಕೆ ಅನ್ನುವ ಮಾತು ಸಣ್ಣದು.

ಭಾನುವಾರ ಬರುತ್ತೇನೆ. ಕ್ಷಮಿಸು ಅಂತ ಕೇಳುವುದಕ್ಕಲ್ಲ. ಇದಿಷ್ಟನ್ನು ಬಾಯಿಂದ ಹೇಳಿ, ನೀನು ಎದ್ದು ಹೋಗು ಅಂದರೆ ಎದ್ದು ಬರುವುದಕ್ಕೆ. ಅಲ್ಲಿ ನಾಲಗೆ ತಡವರಿಸಿದರೆ ಅಂತ ಒಂದನ್ನು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಅವತ್ತು ಚೀಲ ಬಿಚ್ಚಿದಾಗ ನಾನು ತಳದವರೆಗೂ ಕೈ ಹಾಕಿ ನೋಡಿದ್ದೆ. ಗೋಣಿ ಇನ್ನೂ ಒದ್ದೆಯಿತ್ತು. ಹಣ್ಣು ತಣ್ಣಗಿದ್ದವು, ಶಬಾನಾ.