ಎರಡು ಕೈಗಳ ಚಾನೆಲ್

ಆ ಆಫೀಸಿನಲ್ಲಿ ಅವನನ್ನು ಎಲ್ಲರೂ ‘ಟೆಂಪರವರಿ’ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಹೆಡ್ ಕ್ಲರ್ಕು. ವಿಮಾ ಕಂಪನಿಯ ದಾಖಲೆ ವಿಭಾಗಕ್ಕೆ ಸೇರಿ ಎರಡು ವರ್ಷವಾದರೂ ಅವನ ಕೆಲಸ ಕಾಯಂ ಆಗಿರಲಿಲ್ಲ. ಕಾಯಂ ಆಗದವನಿಗೆ ಸ್ವಂತ ಹೆಸರು ದಂಡ ಎಂಬುದು ಅವರ ವಾದ. ಅವನದೂ ತಕರಾರಿರಲಿಲ್ಲ. ಕುರ್ಚಿಯ ಮೇಲೆ ಕೂಡ ಅವನು ತುದಿಯಲ್ಲೇ ಕೂರುತ್ತಿದ್ದ, ಯಾರಾದರೂ ಏಳು ಅಂದರೆ ಏಳುವುದಕ್ಕೆ ಸುಲಭವಾಗಲಿ ಎಂದು.

ಕೆಲಸವೇನೂ ಘನಂದಾರಿಯದಲ್ಲ. ಹಳೆಯ ಕಡತಗಳ ವಿವರ ಕಂಪ್ಯೂಟರಿಗೆ ಹಾಕುವುದು, ಬೆನ್ನು ಕಿತ್ತುಹೋದ ಕಡತಕ್ಕೆ ಹೊಸ ಚೀಟಿ ಬರೆದು ಹೊಲಿಗೆಗೆಂದು ನೆಲಮಾಳಿಗೆಗೆ ಕಳಿಸುವುದು. ಮೂರೂವರೆಗೆ ಹದಿನೈದು ನಿಮಿಷ ವಿರಾಮ. ಈ ವಿರಾಮವನ್ನು ಅವನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದನೆಂದರೆ, ಅದು ಮುಗಿಯುವ ಹೊತ್ತಿಗೆ ಸುಸ್ತಾಗಿಬಿಡುತ್ತಿದ್ದ. ಮೆಟ್ಟಿಲ ತಿರುವಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಏನು ನೋಡಿದರೆ ಮನಸ್ಸು ಹಗುರಾದೀತು ಎಂದು ಹುಡುಕುವುದರಲ್ಲೇ ಹನ್ನೊಂದು ನಿಮಿಷ ಖರ್ಚು. ನಗೆ ವಿಡಿಯೊ ಹಾಕಿದರೆ ಇವನಿಗೆ ನಗು ಬರುವ ಮೊದಲೇ ಅದರೊಳಗಿನವರು ನಕ್ಕು ಮುಗಿಸಿರುತ್ತಿದ್ದರು. ಬೆಕ್ಕುಗಳನ್ನು ನೋಡಿದರೆ ಹೊಟ್ಟೆಕಿಚ್ಚು. ಅವು ಹಗಲೆಲ್ಲ ಕಾಯಂ ನೌಕರರ ಹಾಗೆ ಮಲಗಿರುತ್ತಿದ್ದವು. ಉಸಿರಾಟ ಹೇಳಿಕೊಡುವ ಗುರುವೊಬ್ಬರು ‘ಉಸಿರನ್ನು ಒಳಗೇ ಹಿಡಿಯಿರಿ’ ಎಂದ ಕ್ಷಣಕ್ಕೆ ಸರಿಯಾಗಿ ಸಿಮೆಂಟಿನ ಜಾಹೀರಾತು ಬಂತು. ಇವನೋ ವಿಧೇಯ. ಜಾಹೀರಾತು ಮುಗಿಯುವ ತನಕ ಹಿಡಿದೇ ಇದ್ದ.

ಹೀಗಿರುವಾಗ ಒಂದು ದಿನ ಎರಡು ಕೈಗಳು ಸಿಕ್ಕವು. ಮುಖವಿಲ್ಲ, ಮಾತಿಲ್ಲ, ಸಂಗೀತವಿಲ್ಲ. ಕೈಗಳು ಹರಿದ ಕಡತವೊಂದರ ಹಾಳೆಗಳನ್ನು ತಟ್ಟಿ ಸಮ ಮಾಡಿ, ದಬ್ಬಳದಿಂದ ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿಯುತ್ತಿದ್ದವು. ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ದಾರ ಕಾಗದದೊಳಗಿಂದ ಸರ್ರನೆ ಹೊರಗೆ ಬರುವ ಸದ್ದು ಕೇಳಿ ಅವನ ಭುಜಗಳು ತಾವಾಗಿಯೇ ಇಳಿದವು. ಎರಡು ವರ್ಷದಿಂದ ಅವು ಕಿವಿಯ ಹತ್ತಿರವೇ ಇದ್ದವೆಂಬುದು ಅವನಿಗೆ ಗೊತ್ತಾದದ್ದೂ ಆಗಲೇ.

ಇಪ್ಪತ್ತು ದಿನ ಆ ಕೈಗಳ ಚಾನೆಲನ್ನೇ ನೋಡಿದ, ದಿನಕ್ಕೊಂದು ಹೊಸ ವಿಡಿಯೊ. ಇಪ್ಪತ್ತೊಂದನೆಯ ದಿನ ಕಡತದ ಮೇಲಿದ್ದ ಬಿಳಿ ಕಾಗದದ ಪಟ್ಟಿ ಒಂದು ಗಳಿಗೆ ಜಾರಿತು. ಕೆಳಗಿದ್ದ ಚೀಟಿಯ ಮೇಲೆ ಅವನದೇ ಅಕ್ಷರ, ಅದೇ ಸೊಟ್ಟ ಕೊಂಬು! ಇಡೀ ಪ್ರಪಂಚದ ಜಾಲವನ್ನೆಲ್ಲ ಜಾಲಾಡಿ ಅವನು ಕಂಡುಕೊಂಡ ಕೈಗಳು ಅವನು ಕೂತಲ್ಲಿಂದ ಸರಿಯಾಗಿ ಹದಿನೆಂಟು ಮೆಟ್ಟಿಲು ಕೆಳಗಿದ್ದವು.

ಮರುದಿನ ಊಟದ ಹೊತ್ತಿಗೆ ಇಳಿದು ಹೋದ. ಹೊಲಿಗೆ ಅಕ್ಕ, ಆಫೀಸಿನವರೆಲ್ಲ ಆಕೆಯನ್ನು ಕರೆಯುತ್ತಿದ್ದುದೇ ಹಾಗೆ, ಫೋನನ್ನು ಅಂಟಿನ ಡಬ್ಬಿಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದಳು.

“ಅಯ್ಯೋ, ಸಿಕ್ಕಿಹಾಕಿಕೊಂಡೆನಲ್ಲಪ್ಪಾ!” ಎಂದು ನಕ್ಕಳು. “ಮಗಳು ಹೇಳಿಕೊಟ್ಟಳು. ನನ್ನ ಊಟದ ಹೊತ್ತಲ್ಲೇ ತೆಗೀತೀನಿ, ಕಂಪನಿ ಟೈಮಲ್ಲಲ್ಲ. ಒಂದು ಹೆಸರೂ ಕಾಣದ ಹಾಗೆ ಕಾಗದ ಮುಚ್ತೀನಿ. ಮೊದಲು ಇಲ್ಲಿ ನಾಲ್ಕು ಜನ ಇದ್ವಿ. ಮೂವರು ರಿಟೈರ್ ಆದ್ರು. ಯಾರೋ ನೋಡ್ತಿದಾರೆ ಅಂದ್ರೆ ಕೈಗೂ ಒಂದು ಜೊತೆ.”

“ನಾನೇ ದಿನಾ ನೋಡ್ತೀನಿ ಅಕ್ಕಾ!”

“ಓಹೋ, ಕಡತ ನೋಡಿ ಸುಸ್ತಾಗಿ, ಸುಧಾರಿಸ್ಕೊಳ್ಳೋಕೆ ಮತ್ತೆ ಕಡತಾನೇ ನೋಡೋದಾ? ನಿನ್ನ ಕಾಯಂ ಮಾಡದಿದ್ರೆ ಇನ್ಯಾರನ್ನ ಮಾಡ್ತಾರೆ!” ಆಮೇಲೆ ದಾರ ಕಚ್ಚಿ ತುಂಡುಮಾಡುತ್ತ, “ಮೇಲಿನವರು ನೋಡಿದ್ರೆ ಏನಂತಾರೋ,” ಎಂದಳು.

“ಏನಂತಾರೆ? ಹೊಗಳ್ತಾರೆ.”

“ನಿಂಗೆ ಹಾಗನ್ಸತ್ತಾ?”

ಅವನಿಗೆ ಹಾಗೇ ಅನಿಸಿತು. ಅಷ್ಟೇ ಅಲ್ಲ, ಹೊಗಳಿಕೆಯ ಒಂದು ಚೂರು ಕಂಡುಹಿಡಿದವನ ತಟ್ಟೆಗೂ ಬೀಳಬಹುದು ಎಂದೂ ಅನಿಸಿತು. ಅವನ ಕಾಯಮಾತಿಯ ಕಾಗದ ಆ ವಾರವೇ ಮ್ಯಾನೇಜರ ಮೇಜಿನ ಮೇಲಿತ್ತು.

ಆ ಆಫೀಸಿನಲ್ಲಿ ಒಂದು ಪದ್ಧತಿ. ಫೋನಿನ ಗ್ರೂಪಿಗೆ ಯಾರೇ ‘ಎಲ್ಲರ ಗಮನಕ್ಕೆ’ ಎಂದು ಶುರುಮಾಡಿ ಬರೆದರೂ ಅದು ದೂರು. ಹೆಡ್ ಕ್ಲರ್ಕು ಅದಕ್ಕೊಂದು ಸಂಖ್ಯೆ ಕೊಟ್ಟು ರಿಜಿಸ್ಟರಿನಲ್ಲಿ ಏರಿಸುತ್ತಿದ್ದರು. ಒಮ್ಮೆ ಏರಿದ ಮೇಲೆ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯದೆ ಆ ಸಾಲು ಮುಚ್ಚುವಂತಿಲ್ಲ. ಪೈಪು ಸೋರಿದರೆ, ಫ್ಯಾನು ಕೆಟ್ಟರೆ ಬರೆದು ಬರೆದು ಇವನ ಬೆರಳಿಗೆ ಅದೇ ಚಾಳಿ. ಮನೆಗೂ ‘ಅಮ್ಮನ ಗಮನಕ್ಕೆ: ಇಂದು ತಡವಾಗುತ್ತದೆ’ ಎಂದೇ ಕಳಿಸುತ್ತಿದ್ದ. ‘ಕ್ರಮ ಕೈಗೊಂಡೆ, ಊಟ ಮುಚ್ಚಿಟ್ಟಿದ್ದೇನೆ’ ಎಂದು ಅಮ್ಮ ಉತ್ತರಿಸುತ್ತಿದ್ದಳು.

ಮೆಟ್ಟಿಲ ಮೇಲೆ ಕೂತು, ಉಬ್ಬಿದ ಎದೆಯಿಂದ ಬರೆದ: ‘ಎಲ್ಲರ ಗಮನಕ್ಕೆ: ನಮ್ಮ ಹೊಲಿಗೆ ಅಕ್ಕನ ಕೈಚಳಕ ನೋಡಿ.’ ನಮ್ಮ ಆಫೀಸಿನದೇ ಎಂಬುದಕ್ಕೆ ಸಾಕ್ಷಿ ಬೇಡವೇ? ಪಟ್ಟಿ ಜಾರಿದ ಆ ಗಳಿಗೆಯ ಚಿತ್ರ ಹಿಡಿದು, ದೊಡ್ಡದು ಮಾಡಿ, ಚೀಟಿಯ ಸುತ್ತ ಕೆಂಪು ವೃತ್ತವನ್ನೂ ಎಳೆದ. ವೃತ್ತದೊಳಗೆ ಗ್ರಾಹಕರೊಬ್ಬರ ಹೆಸರು ದುಂಡಗೆ ಕಾಣುತ್ತಿತ್ತು.

ಎರಡು ನಿಮಿಷಕ್ಕೆ ಸಂಖ್ಯೆ ಬಂತು: ನೂರ ಹನ್ನೆರಡು.

ಓಡಿದ. “ಸಾರ್, ಅದು ದೂರಲ್ಲ, ಹೊಗಳಿಕೆ!”

“ಹೊಗಳೋರು ಕೆಂಪು ವೃತ್ತ ಎಳೀತಾರೇನೋ ಟೆಂಪರವರಿ?” ಎಂದರು ಹೆಡ್ ಕ್ಲರ್ಕು, ರಿಜಿಸ್ಟರಿನಿಂದ ತಲೆ ಎತ್ತದೆ. “ಏರಿಸಿಯಾಯ್ತು. ಹೊಗಳಿಕೆಗೆ ಇದರಲ್ಲಿ ಕಾಲಂ ಇಲ್ಲ. ಏನಿದ್ರೂ ಮ್ಯಾನೇಜರಿಗೆ ಹೇಳು.”

ಮರುದಿನ ಮ್ಯಾನೇಜರೇ ಕರೆಸಿದರು. ಕೂರಿಸಿದರು ಕೂಡ.

“ಗ್ರಾಹಕರ ಗುಟ್ಟು ಬೀದಿಗೆ ಬೀಳೋದನ್ನ ತಪ್ಪಿಸಿದ್ರಿ. ಇಂಥ ಕಣ್ಣು ಬೇಕು ನಮಗೆ.” ಅವರ ಮುಂದೆ ಎರಡು ಕಾಗದಗಳಿದ್ದವು. ಒಂದು ಅಕ್ಕನನ್ನು ಕೆಲಸದಿಂದ ತೆಗೆಯುವುದು, ಇನ್ನೊಂದು ಇವನನ್ನು ಕಾಯಂ ಮಾಡುವುದು. ಪೆನ್ನಿನ ಮುಚ್ಚಳ ತೆಗೆದರು. “ದೂರು ನಿಮ್ಮದೇ ತಾನೆ? ಏನಾದ್ರೂ ಹೇಳೋದಿದೆಯಾ?”

ಹೇಳುವುದಿತ್ತು. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಪಟ್ಟಿ ಜಾರಿದ್ದು ಒಂದೇ ಗಳಿಗೆ ಸಾರ್, ಹಿಡಿದು ಹಿಗ್ಗಿಸಿ ಎಲ್ಲರಿಗೂ ತೋರಿಸಿದವನು ನಾನು. ನಾಲ್ಕು ಸೆಕೆಂಡಿನ ಮಾತು. ಆದರೆ ಮ್ಯಾನೇಜರ ಪೆನ್ನು ಆ ಎರಡು ಕಾಗದಗಳ ನಡುವೆ ನಿಂತಿತ್ತು. ಗುರು ಹೇಳಿಕೊಟ್ಟಂತೆ ಇವನು ಉಸಿರನ್ನು ಒಳಗೇ ಹಿಡಿದ.

“ಏನಿಲ್ಲ ಸಾರ್.”

ಎರಡಕ್ಕೂ ಸಹಿ ಬಿತ್ತು.

ಅಕ್ಕ ಮೆಟ್ಟಿಲ ಮೇಲೆ ಸಿಕ್ಕಳು. ಪ್ಲಾಸ್ಟಿಕ್ ಚೀಲದಲ್ಲಿ ದಬ್ಬಳ, ಮೇಣದ ಉಂಡೆ, ಊಟದ ಡಬ್ಬಿ. ಹತ್ತೊಂಬತ್ತು ವರ್ಷದ ನೌಕರಿಗೆ ಚೀಲ ಅರ್ಧವೂ ತುಂಬಿರಲಿಲ್ಲ.

“ನೀನು ಬೇಕೂಂತ ಹಾಕಿಲ್ಲ, ಗೊತ್ತು ಕಣಪ್ಪಾ,” ಎಂದಳು. “ಒಂದು ಹೇಳು. ರೂಮಲ್ಲಿ ನಿನ್ನ ಕೇಳಿದ್ರಾ?”

“ಕೇಳಿದ್ರು ಅಕ್ಕಾ.”

“ಏನಂದೆ?”

ಅವನು ಅವಳ ಹೆಬ್ಬೆರಳ ಬಟ್ಟೆಯನ್ನೇ ನೋಡುತ್ತ ನಿಂತ.

“ಸರಿ ಬಿಡು.” ಎರಡು ಮೆಟ್ಟಿಲು ಹತ್ತಿ ತಿರುಗಿದಳು. “ಇನ್ನಾದ್ರೂ ಕುರ್ಚೀಲಿ ಸರಿಯಾಗಿ ಕೂತ್ಕೋ. ಬಿದ್ದುಗಿದ್ದೀಯ.”

ರಿಜಿಸ್ಟರಿನ ನೂರ ಹನ್ನೆರಡನೇ ಸಾಲಿಗೆ ಹೆಡ್ ಕ್ಲರ್ಕು ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆದು, ಅಡಿಗೆರೆ ಎಳೆದರು.

ಮನೆಯಲ್ಲಿ ಅಮ್ಮನಿಗೆ ಹಿಡಿಸಲಾರದ ಸಂತೋಷ. “ಯಾರಾದ್ರೂ ಸಹಾಯ ಮಾಡಿದ್ರೇನೋ?”

“ಹೂಂ. ಕೆಳಗಡೆ ಒಬ್ಬ ಅಕ್ಕ ಇದ್ರು.”

“ಪುಣ್ಯಾತ್ಗಿತ್ತಿ! ಒಂದಿನ ಊಟಕ್ಕೆ ಕರ್ಕೊಂಡ್ ಬಾರೋ.”

“ಕರೀತೀನಿ,” ಎಂದು ತಟ್ಟೆ ತೊಳೆಯಲು ಎದ್ದ.

ಕಡತಗಳು ಈಗ ಹೊರಗಿನವರ ಕೈಯಲ್ಲಿ ಪಿನ್ನು ಹೊಡೆಸಿಕೊಂಡು ಬರುತ್ತವೆ. ಬಿಚ್ಚಿದರೆ ಮೊದಲ ಹಾಳೆ ಮಡಿಲಿಗೆ ಬೀಳುತ್ತದೆ. ಹೆಡ್ ಕ್ಲರ್ಕು ಇನ್ನೂ ಟೆಂಪರವರಿ ಎಂದೇ ಕರೆಯುತ್ತಾರೆ. ಮೂರೂವರೆಗೆ ಅವನು ಮೆಟ್ಟಿಲ ತಿರುವಿನಲ್ಲಿ ಕೂತು ಆ ಚಾನೆಲ್ ತೆರೆಯುತ್ತಾನೆ. ‘ಇಲ್ಲಿ ಯಾವ ವಿಡಿಯೊವೂ ಇಲ್ಲ’ ಎಂದು ಬರುತ್ತದೆ. ಮತ್ತೆ ಹನ್ನೊಂದು ನಿಮಿಷ ಹುಡುಕುತ್ತಾನೆ. ಕೊನೆಗೆ ಬೆಕ್ಕುಗಳೇ ಗತಿ. ಹಗಲೆಲ್ಲ ಮಲಗಿರುತ್ತವೆ. ಈಗ ಹೊಟ್ಟೆಕಿಚ್ಚು ಪಡುವಂತೆಯೂ ಇಲ್ಲ, ಅವನೂ ಕಾಯಂ.